ಪರಿಸರ ವಿಜ್ಞಾನ ಓದಬೇಕಾ? ನೋಟಿಫಿಕೇಶನ್ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ: ಧಾರವಾಡ, ಗದಗ, ಹಾವೇರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪಿಯುಸಿ ಸೈನ್ಸ್ ಮುಗಿದಿದೆ. ನೀಟ್ ರ್ಯಾಂಕ್ ಸಾಲಲಿಲ್ಲ, ಇಂಜಿನಿಯರಿಂಗ್ ಮನಸ್ಸಿಗೆ ಹಿಡಿಸಲಿಲ್ಲ, ಕೆರೆ, ಹಕ್ಕಿ, ಗುಡ್ಡ ಅಂದರೆ ಇಷ್ಟ. ಪರಿಸರ ವಿಜ್ಞಾನ ಓದುತ್ತೇನೆ ಅಂತ ಮನೆಯಲ್ಲಿ ಹೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಅದನ್ನ ಓದಿ ಮುಂದ ಏನ್ ಮಾಡಾಂವ ಇದ್ದಿ?"

ಅಪ್ಪನ ಪ್ರಶ್ನೆಯಲ್ಲಿ ತಪ್ಪಿಲ್ಲ. ಎಂಬಿಬಿಎಸ್ ಓದಿದವರು ಡಾಕ್ಟರ್ ಆಗುತ್ತಾರೆ, ಲಾ ಓದಿದವರು ವಕೀಲರಾಗುತ್ತಾರೆ. ಪರಿಸರ ವಿಜ್ಞಾನ ಓದಿದವರಿಗೆ ಹಾಗೆ ಒಂದು ಹೆಸರಿನ ಕೆಲಸ ಇಲ್ಲ. ಕೆಲಸಗಳು ಬೇರೆ ಬೇರೆ ಹೆಸರಿನಲ್ಲಿ ಚದುರಿವೆ. ಒಂದು ಕಡೆ ಅನಲಿಸ್ಟ್ ಅಂತಾರೆ, ಇನ್ನೊಂದು ಕಡೆ ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ಆಫೀಸರ್, ಮತ್ತೊಂದು ಕಡೆ ಜಿಐಎಸ್ (ಕಂಪ್ಯೂಟರ್ ನಕಾಶೆ) ಎಕ್ಸಿಕ್ಯೂಟಿವ್. ಒಂದೊಂದಕ್ಕೂ ಅರ್ಹತೆ ಬೇರೆ. ಹಾಗಾಗಿ ಮೊದಲು ಡಿಗ್ರಿ, ಆಮೇಲೆ ಕೆಲಸ ಹುಡುಕೋಣ ಅನ್ನೋ ದಾರಿ ಇಲ್ಲಿ ನಡೆಯುವುದಿಲ್ಲ. ಬೇಕಾದ ಕೆಲಸದ ನೋಟಿಫಿಕೇಶನ್ ಈಗಲೇ ಓದಿ, ಅಲ್ಲಿಂದ ಹಿಂದಕ್ಕೆ ಬಂದು ಡಿಗ್ರಿ ಆರಿಸಿಕೊಳ್ಳಬೇಕು.

ಹಂತ 1: ದಿನವಿಡೀ ಎಲ್ಲಿ ಕೂರ್ತೀರಿ ಅಂತ ಯೋಚಿಸಿ

ಸ್ಥೂಲವಾಗಿ ನಾಲ್ಕು ಬಗೆಯ ಕೆಲಸಗಳಿವೆ.

ಒಂದು ಲ್ಯಾಬ್. ನೀರು, ಗಾಳಿ, ಮಣ್ಣಿನ ಸ್ಯಾಂಪಲ್ ತಂದು ಪರೀಕ್ಷೆ ಮಾಡುವುದು. ಇದು ಮುಕ್ಕಾಲು ಪಾಲು ಕೆಮಿಸ್ಟ್ರಿ. ಎರಡನೆಯದು ನಕಾಶೆ. ಉಪಗ್ರಹ ಚಿತ್ರ, ಜಿಐಎಸ್, ಕಂಪ್ಯೂಟರ್ ಮುಂದೆ ಇಡೀ ದಿನ. ಮೂರನೆಯದು ಕಾಗದದ ಕೆಲಸ: ಕಾನೂನು, ಅನುಮತಿ, ಪರಿಸರ ಪರಿಣಾಮ ವರದಿ (ಒಂದು ಯೋಜನೆಯಿಂದ ಸುತ್ತಲಿನ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿ), ಕಂಪನಿಗಳ ವಾರ್ಷಿಕ ಲೆಕ್ಕ. ನಾಲ್ಕನೆಯದು ಫೀಲ್ಡ್. ಕಾಡು, ಕೆರೆ, ಹಳ್ಳಿ, ಜಲಾನಯನ ಕೆಲಸ.

ಹಕ್ಕಿ ನೋಡುವುದು ಇಷ್ಟ ಅಂತ ಬಂದ ಬಹಳ ಜನ ಕೊನೆಗೆ ಕಾಗದದ ಕೆಲಸದಲ್ಲೇ ಇರುತ್ತಾರೆ, ಯಾಕೆಂದರೆ ಖಾಸಗಿ ಕೆಲಸ ಜಾಸ್ತಿ ಇರುವುದೇ ಅಲ್ಲಿ. ಇದನ್ನು ಮೊದಲೇ ತಿಳಿದುಕೊಂಡು ಬಂದರೆ ಆಮೇಲೆ ಬೇಜಾರಾಗುವುದಿಲ್ಲ.

ಹಂತ 2: ಡಿಗ್ರಿ ಆರಿಸುವಾಗ ಒಂದು ಗಟ್ಟಿ ವಿಷಯ ಬಿಡಬೇಡಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಎಡವಿದರೆ ಸರಿಪಡಿಸುವುದು ಕಷ್ಟ.

ಯುಪಿಎಸ್‌ಸಿ ನಡೆಸುವ ಇಂಡಿಯನ್ ಫಾರೆಸ್ಟ್ ಸರ್ವಿಸ್ ಪರೀಕ್ಷೆಯ ಅರ್ಹತೆ ತೆಗೆದು ನೋಡಿ. ಪಶುಸಂಗೋಪನೆ ಮತ್ತು ಪಶುವೈದ್ಯ, ಬಾಟನಿ, ಕೆಮಿಸ್ಟ್ರಿ, ಜಿಯಾಲಜಿ, ಮ್ಯಾಥ್ಸ್, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಜುವಾಲಜಿ. ಇವುಗಳಲ್ಲಿ ಒಂದಾದರೂ ಡಿಗ್ರಿಯಲ್ಲಿ ಇರಬೇಕು, ಇಲ್ಲವೇ ಕೃಷಿ, ಫಾರೆಸ್ಟ್ರಿ ಅಥವಾ ಇಂಜಿನಿಯರಿಂಗ್ ಪದವಿ ಆಗಿರಬೇಕು. ಪರಿಸರ ವಿಜ್ಞಾನದ ಹೆಸರು ಆ ಪಟ್ಟಿಯಲ್ಲೇ ಇಲ್ಲ! ಕಾಡು ಕಾಯುವ ದೇಶದ ಅತಿ ದೊಡ್ಡ ಹುದ್ದೆಗೆ ಪರಿಸರ ವಿಜ್ಞಾನವೊಂದನ್ನೇ ಓದಿದವರು ಅರ್ಜಿ ಹಾಕುವಂತಿಲ್ಲ. ಅದೇ ಬಿಎಸ್ಸಿಯಲ್ಲಿ ಬಾಟನಿ ಜೊತೆಗೆ ಪರಿಸರ ಓದಿದ್ದರೆ ಹಾಕಬಹುದು.

ಹಾಗಾಗಿ ನನ್ನ ಸಲಹೆ ಇದು. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಇರಲಿ. ಅದರ ಜೊತೆ ಬಾಟನಿ, ಜುವಾಲಜಿ ಅಥವಾ ಜಿಯಾಲಜಿ. ನಿಮ್ಮ ಕಾಲೇಜಿನಲ್ಲಿ ಪರಿಸರ ವಿಜ್ಞಾನವೂ ಒಂದು ವಿಷಯವಾಗಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಷ್ಟವಿಲ್ಲ. ಎಂಎಸ್ಸಿಗೆ ಹೋಗುವಾಗ ಪರಿಸರಕ್ಕೆ ತಿರುಗಬಹುದು. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಎನ್‌ಇಪಿ ಪದವಿಯನ್ನು ಸರ್ಕಾರ ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಹಿರಿಯರು ಹೇಳುವ ಸೆಮಿಸ್ಟರ್ ಲೆಕ್ಕ, ಕ್ರೆಡಿಟ್ ಲೆಕ್ಕ ನಿಮಗೆ ಹೊಂದದೇ ಇರಬಹುದು. ನಿಮ್ಮ ವರ್ಷದ ಪಠ್ಯಕ್ರಮವನ್ನೇ ನೋಡಿ.

ಕಾಡಿನ ಕೆಲಸವೇ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ನಾಲ್ಕು ವರ್ಷದ ಬಿಎಸ್ಸಿ ಫಾರೆಸ್ಟ್ರಿ. ಸೀಟು ಕೆಸಿಇಟಿ ಮೂಲಕ. ರೈತರ ಮಕ್ಕಳಿಗೆ ಕೃಷಿ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೊಲದ ಉತಾರ ಇದ್ದರೂ ಆ ಕೋಟಾಕ್ಕೆ ಹೆಸರು ಹಾಕುವುದೇ ಇಲ್ಲ. ಕೆಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಕ್ಲೇಮ್ ಮಾಡಿ. ರಾಜ್ಯ ಅರಣ್ಯ ಇಲಾಖೆಯ ನೇಮಕಾತಿಯಲ್ಲಿ ಫಾರೆಸ್ಟ್ರಿ ಪದವೀಧರರಿಗೆ ಇರುವ ಅನುಕೂಲ ಬೇರೆ ಬಿಎಸ್ಸಿಯವರಿಗೆ ಇಲ್ಲ.

ಇಂಜಿನಿಯರಿಂಗ್ ಕಡೆಯಿಂದಲೂ ಬರಬಹುದು. ನಗರಸಭೆ, ಪಾಲಿಕೆಗಳಲ್ಲಿ ಪರಿಸರ ಅಭಿಯಂತರರು ಅಂತ ಹುದ್ದೆ ಇದೆ, ಕಸ ವಿಲೇವಾರಿ ನೋಡಿಕೊಳ್ಳುವವರು ಇವರೇ. ಇದಕ್ಕೆ ಬಿಇ ಬೇಕು. ಎಂಎಸ್ಸಿ ಮಾಡಿಕೊಂಡು ಆಮೇಲೆ ಈ ಹುದ್ದೆಗೆ ಆಸೆಪಟ್ಟರೆ ಬಾಗಿಲು ಮುಚ್ಚಿರುತ್ತದೆ.

ಹಂತ 3: ಡಿಗ್ರಿಯ ಮೂರು ವರ್ಷ ಊರಿನ ಸುತ್ತಲೇ ಕಲಿಯಿರಿ

ಬೆಂಗಳೂರಿಗೆ ಹೋಗದಿದ್ದರೆ ಏನೂ ಕಲಿಯಲಾಗದು ಅಂತ ಅಳುವವರು ನಮ್ಮ ಮೂರು ಜಿಲ್ಲೆಗಳನ್ನು ಸರಿಯಾಗಿ ನೋಡಿಲ್ಲ. ಪಠ್ಯಪುಸ್ತಕದ ಬಹುತೇಕ ಅಧ್ಯಾಯಗಳು ಇಲ್ಲಿ ಕಣ್ಣಮುಂದೆಯೇ ಇವೆ.

ನೀರಿನಿಂದ ಶುರು ಮಾಡಿ. ಹುಬ್ಬಳ್ಳಿಯ ಉಣಕಲ್ ಕೆರೆ, ಧಾರವಾಡದ ಕೆಲಗೇರಿ ಕೆರೆ. ಚಿಗರಿ ಬಸ್ಸಿನಲ್ಲಿ ಹೋಗಿ ಉಣಕಲ್ ಸ್ಟಾಪಿನಲ್ಲಿ ಇಳಿದರೆ ಸಾಕು. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು, ಬಿಒಡಿ ಎಷ್ಟು ಅಂತ ನಿಮ್ಮ ಕಾಲೇಜು ಲ್ಯಾಬಿನಲ್ಲೇ ನೋಡಬಹುದು. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬಳಸುತ್ತವೆ ಅನ್ನುವ ಅಳತೆ. ನಮ್ಮ ದೇಶದಲ್ಲಿ ಇದನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು ಅಳೆಯುತ್ತಾರೆ, ಹಳೆಯ ಪುಸ್ತಕಗಳಲ್ಲಿ 20 ಡಿಗ್ರಿ, 5 ದಿನ ಅಂತ ಇರುತ್ತದೆ. ಕಾರ್ಖಾನೆಯ ನೀರನ್ನು ಹಳ್ಳ, ಹೊಳೆಗೆ ಬಿಡಬೇಕಾದರೆ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಅನ್ನುವುದು ಸಾಮಾನ್ಯ ಮಿತಿ. ಸ್ಯಾಂಪಲ್ ತೆಗೆದ ಬಾಟಲಿಯನ್ನು ಬಿಸಿಲಿನಲ್ಲಿ ಬೈಕಿನ ಮೇಲೆ ಇಟ್ಟುಕೊಂಡು ಮಧ್ಯಾಹ್ನ ಲ್ಯಾಬಿಗೆ ಬಂದರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ಐಸ್ ಡಬ್ಬ ಒಯ್ಯಿರಿ. ಯಾವ ಜಾಗ, ಎಷ್ಟು ಹೊತ್ತಿಗೆ, ಎಷ್ಟು ಆಳದಿಂದ ತೆಗೆದದ್ದು ಅಂತ ಬಾಟಲಿಯ ಮೇಲೆ ಅಲ್ಲೇ ಬರೆಯಿರಿ. ಇಂಟರ್‌ವ್ಯೂನಲ್ಲಿ ಕೇಳುವುದು ಇಂಥ ಸಣ್ಣ ವಿಷಯಗಳನ್ನೇ.

ಗದಗಿನವರಿಗೆ ಫ್ಲೋರೈಡ್ ಇದೆ, ದುರದೃಷ್ಟಕ್ಕೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿಗೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಜಿಲ್ಲೆಯ ಹಲವು ಬೋರ್‌ವೆಲ್‌ಗಳ ನೀರು ಇದನ್ನು ದಾಟುತ್ತದೆ. ನಿಮ್ಮ ಊರಿನ ಬೋರ್‌ವೆಲ್‌ಗಳ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ ನಕಾಶೆಯ ಮೇಲೆ ಹಾಕಿದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್.

ಹಕ್ಕಿ ಇಷ್ಟಪಡುವವರಿಗೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. 2024ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ರಾಮ್‌ಸಾರ್ ಪಟ್ಟ ಸಿಕ್ಕಿತು, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಈ ಬಾತುಗಳು ಸುತ್ತಲಿನ ಹೊಲಕ್ಕೂ ಮೇಯಲು ಹೋಗುತ್ತವೆ. ರೈತರು ಏನಂತಾರೆ ಅಂತ ಕೇಳಿ ಬರೆದುಕೊಂಡರೆ ಬರೀ ಹಕ್ಕಿ ಎಣಿಸಿದ್ದಕ್ಕಿಂತ ಒಳ್ಳೆಯ ವರದಿ ಆಗುತ್ತದೆ. ಹಾವೇರಿ ಜಿಲ್ಲೆಯವರಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದೆ, 1974ರದ್ದು. ಬಂಕಾಪುರ ಕೋಟೆಯಲ್ಲಿ ನವಿಲುಗಳಿವೆ.

ಕಪ್ಪತಗುಡ್ಡದ ಕಥೆಯನ್ನಂತೂ ಪರಿಸರ ಕಾನೂನಿನ ಪಾಠದ ಹಾಗೆ ಓದಬೇಕು. 2015ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು, 2016ರಲ್ಲಿ ಹಿಂತೆಗೆದುಕೊಂಡರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಜನ ಬೀದಿಗೆ ಬಂದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು, 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಒಂದೊಂದು ಹಂತಕ್ಕೂ ಒಂದೊಂದು ಸರ್ಕಾರಿ ಆದೇಶ ಇದೆ. ಅವನ್ನು ಹುಡುಕಿ, ಯಾವ ಕಾಯ್ದೆಯ ಯಾವ ಕಲಮಿನ ಕೆಳಗೆ ಬಂತು ಅಂತ ನೋಡಿ. ಗುಡ್ಡದ ಕೆಳಗೆ ಚಿನ್ನದ ಅದಿರು, ಮೇಲೆ ಗಾಳಿ, ಮೈತುಂಬ ಔಷಧಿ ಸಸ್ಯ. ಗಾಳಿ ವಿದ್ಯುತ್ ಯೋಜನೆಗಳು, ಯಾವುದಕ್ಕೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲೇ ಬರುವುದಿಲ್ಲ ಅನ್ನುವುದನ್ನೂ ಗಮನಿಸಿ. ಗಾಳಿ ಯಂತ್ರಕ್ಕೆ ಹೊಗೆ ಇಲ್ಲ ನಿಜ, ಆದರೆ ಅದನ್ನು ಮೇಲಕ್ಕೆ ಸಾಗಿಸಲು ಗುಡ್ಡ ಕಡಿದು ರಸ್ತೆ ಮಾಡುತ್ತಾರಲ್ಲ, ಅದರ ಮಣ್ಣು ಎಲ್ಲಿಗೆ ಹೋಗುತ್ತದೆ? ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಅನ್ನುವವರು ಇದನ್ನು ತೆಗೆದುಕೊಳ್ಳಿ.

ಇನ್ನೂ ಹಿಂದಕ್ಕೆ ಹೋದರೆ 1987ರ ನವೆಂಬರ್ 14. ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ಸಾರ್ವಜನಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಅದಕ್ಕೆ ಹೆಸರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠ ಅವರೆಲ್ಲ ಅದರ ಮುಂದಿದ್ದರು, ಸುಪ್ರೀಂ ಕೋರ್ಟಿಗೂ ಹೋದರು. ಮುಂದೆ ಬಳ್ಳಾರಿಯ ಅಕ್ರಮ ಗಣಿಗಾರಿಕೆ ಪ್ರಕರಣವನ್ನು ಕೋರ್ಟಿಗೆ ಒಯ್ದದ್ದೂ ಇದೇ ಸಂಸ್ಥೆ. ಊರಿನ ಹಿರಿಯರಲ್ಲಿ ಆ ದಿನಗಳ ನೆನಪಿರುವವರು ಇನ್ನೂ ಇದ್ದಾರೆ, ಹೋಗಿ ಮಾತಾಡಿಸಿ.

ಗಾಳಿಯ ವಿಷಯ ಬೇಗ ಮುಗಿಸುತ್ತೇನೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ಹುಬ್ಬಳ್ಳಿಯ ಧೂಳಿಗೆ ದೇಶಮಟ್ಟದ ಮಾನ್ಯತೆ ಸಿಕ್ಕಿದ್ದು ಹೀಗೆ. ಅಳತೆಯ ಅಂಕಿಗಳು ಸಾರ್ವಜನಿಕವಾಗಿ ಸಿಗುತ್ತವೆ, ಎಕ್ಸೆಲ್‌ಗೆ ಹಾಕಿ ಅಭ್ಯಾಸ ಮಾಡಿ.

ಹಂತ 4: ಒಂದು ಸಾರ್ವಜನಿಕ ಅಹವಾಲು ಸಭೆಗೆ ಹೋಗಿ ಕೂತು ಬನ್ನಿ

ಇದನ್ನು ಯಾವ ಕಾಲೇಜೂ ಹೇಳಿಕೊಡುವುದಿಲ್ಲ, ಅದಕ್ಕೇ ಬೇರೆ ಹಂತ ಮಾಡಿದ್ದೇನೆ. ಸಕ್ಕರೆ ಕಾರ್ಖಾನೆಯ ವಿಸ್ತರಣೆ, ಡಿಸ್ಟಿಲರಿ, ಗಣಿ, ಇಂಥವಕ್ಕೆ ಅನುಮತಿ ಕೊಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಸಭೆ ನಡೆಸಬೇಕಾಗುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು.

ಆ ಸಾರಾಂಶ ಓದಿ. ಆಮೇಲೆ ಕೇಂದ್ರ ಸರ್ಕಾರದ ಪರಿಸರ ಅನುಮತಿ ವೆಬ್‌ಸೈಟ್ ಆದ ಪರಿವೇಶ್ ಪೋರ್ಟಲ್‌ನಲ್ಲಿ ಪೂರ್ತಿ ವರದಿ ತೆರೆದು, ಯಾವ ಊರಿನ ಬಾವಿಯಿಂದ ಸ್ಯಾಂಪಲ್ ತೆಗೆದಿದ್ದಾರೆ, ಯಾವ ಗಿಡ ಪಟ್ಟಿ ಮಾಡಿದ್ದಾರೆ ಅಂತ ನೋಡಿ. ನಮ್ಮ ಬಯಲುಸೀಮೆಯ ಯೋಜನೆಗೆ ಮಲೆನಾಡಿನ ಮರಗಳ ಪಟ್ಟಿ ಹಾಕಿದ್ದು ಕಂಡರೆ ನಗಬೇಡಿ, ಗುರುತು ಮಾಡಿಕೊಳ್ಳಿ. ಸಭೆಯಲ್ಲಿ ರೈತರು ಏನು ಕೇಳುತ್ತಾರೆ, ಕನ್ಸಲ್ಟಂಟ್ ಏನು ಉತ್ತರ ಕೊಡುತ್ತಾರೆ ಕೇಳಿ. ಕಾಗದದ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ಆ ಅರ್ಧ ದಿನದಲ್ಲೇ ಗೊತ್ತಾಗುತ್ತದೆ.

ಹಂತ 5: ಎಂಎಸ್ಸಿ ಎಲ್ಲಿ

ಬಿಎಸ್ಸಿಗೇ ನಿಲ್ಲಿಸಿದರೆ ಈ ಕ್ಷೇತ್ರದಲ್ಲಿ ಸ್ಯಾಂಪಲ್ ತರುವ ಕೆಲಸ ಬಿಟ್ಟು ಮುಂದೆ ಹೋಗುವುದು ಕಷ್ಟ. ಎಂಎಸ್ಸಿ ಬೇಕು.

ರಾಜ್ಯದಲ್ಲಿ ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿಗೆ ಹಳೆಯ ವಿಭಾಗಗಳಿವೆ. ಹಾವೇರಿಯಿಂದ ಶಂಕರಘಟ್ಟ ದೂರವೇನಲ್ಲ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರಲ್ಲಿ ಶುರುವಾದದ್ದು. ಅಲ್ಲಿ ಜಿಯೋಇನ್ಫರ್ಮ್ಯಾಟಿಕ್ಸ್ ಎಂಎಸ್ಸಿ ಇದೆ, ನಕಾಶೆಯ ದಾರಿ ಹಿಡಿಯುವವರು ಮನೆ ಹತ್ತಿರವೇ ಇರುವ ಇದನ್ನು ಬಿಟ್ಟು ದೂರ ಓಡುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ, ಜಿಯಾಲಜಿ, ಬಾಟನಿ, ಜುವಾಲಜಿ ವಿಭಾಗಗಳು ಗಟ್ಟಿಯಾಗಿವೆ. ಅಲ್ಲಿ ಜಿಯಾಲಜಿ ಮಾಡಿ ಅಂತರ್ಜಲದ ಕೆಲಸಕ್ಕೆ ಹೋಗುವುದು ಒಳ್ಳೆಯ ದಾರಿ.

ಹೊರಗೆ ಹೋಗುವ ಧೈರ್ಯ ಇದ್ದರೆ ಜೆಎನ್‌ಯು, ಪಾಂಡಿಚೇರಿ ವಿಶ್ವವಿದ್ಯಾಲಯ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಫೀಸು ಕಡಿಮೆ, ಹಾಸ್ಟೆಲ್ ಸಿಕ್ಕರೆ ಬೆಂಗಳೂರಿನ ಪಿಜಿ ಬಾಡಿಗೆಗಿಂತ ಕಮ್ಮಿಯಲ್ಲಿ ಓದು ಮುಗಿಯುತ್ತದೆ. ವನ್ಯಜೀವಿಯೇ ಬೇಕೆಂದರೆ ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್. ಎರಡರಲ್ಲೂ ಸೀಟು ಬೆರಳೆಣಿಕೆಯಷ್ಟು.

ಕಾನೂನಿನ ಕಡೆ ಒಲವಿದ್ದರೆ ಹುಬ್ಬಳ್ಳಿ ನವನಗರದಲ್ಲೇ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಬಿಎಸ್ಸಿ ಆದಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ವಿಜ್ಞಾನ ಗೊತ್ತಿರುವ ಪರಿಸರ ವಕೀಲರು ನಮ್ಮಲ್ಲಿ ಬಹಳ ಕಡಿಮೆ. ಹಸಿರು ನ್ಯಾಯಮಂಡಳಿಯಲ್ಲಿ ಬಿಒಡಿ ಅಂಕಿ ನೋಡಿ ವಾದಿಸಬಲ್ಲವರಿಗೆ ಕೆಲಸ ಇದ್ದೇ ಇದೆ.

ಹಂತ 6: ಎಂಎಸ್ಸಿಯಲ್ಲಿರುವಾಗಲೇ ಕೈಗೆ ಹತ್ತಬೇಕಾದ ಕೆಲಸ

ಕ್ಯೂಜಿಐಎಸ್ ಕಲಿಯಿರಿ. ನಕಾಶೆ ಮಾಡುವ ಉಚಿತ ಸಾಫ್ಟ್‌ವೇರ್, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಉಪಗ್ರಹ ಚಿತ್ರಗಳಿಗೆ ಇಸ್ರೋದ ಭುವನ್ ಪೋರ್ಟಲ್ ಇದೆ. ನಿಮ್ಮ ತಾಲೂಕಿನ ಕೆರೆಗಳು ಹತ್ತು ವರ್ಷದಲ್ಲಿ ಎಷ್ಟು ಕುಗ್ಗಿವೆ ಅಂತ ಒಂದು ನಕಾಶೆ ಮಾಡಿ ತೋರಿಸಿದರೆ ಅದು ಹತ್ತು ಸರ್ಟಿಫಿಕೇಟಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಬೇಡಿ. ಇಂಗ್ಲಿಷಿನಲ್ಲಿ ಸರಳವಾಗಿ ಎರಡು ಪುಟ ವರದಿ ಬರೆಯುವುದನ್ನು ರೂಢಿಸಿಕೊಳ್ಳಿ. ಕನ್ನಡ ಮಾಧ್ಯಮದಿಂದ ಬಂದವರು ಇಲ್ಲೇ ಹಿಂದೆ ಬೀಳುತ್ತಾರೆ, ಬುದ್ಧಿ ಕಮ್ಮಿ ಅಂತಲ್ಲ, ಬರೆದು ಅಭ್ಯಾಸ ಇಲ್ಲ ಅಷ್ಟೇ. ವಾರಕ್ಕೊಂದು ಪುಟ ಬರೆದು ಯಾರಿಗಾದರೂ ತೋರಿಸಿ.

ಇಂಟರ್ನ್‌ಶಿಪ್‌ಗೆ ಜಿಲ್ಲಾ ನೀರು ಪರೀಕ್ಷಾ ಲ್ಯಾಬ್, ಧಾರವಾಡದ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ), ಕೆರೆ ಮತ್ತು ಕೃಷಿ ಹೊಂಡದ ಕೆಲಸ ಮಾಡುವ ಸಂಸ್ಥೆಗಳು, ದೊಡ್ಡ ಕಾರ್ಖಾನೆಗಳ ಇಟಿಪಿ (ಹೊಲಸು ನೀರು ಶುದ್ಧ ಮಾಡುವ ಘಟಕ) ವಿಭಾಗ. ಮೇಲ್ ಕಳಿಸಿ ಸುಮ್ನೆ ಕೂರಬೇಡಿ. ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಖುದ್ದಾಗಿ ಹೋಗಿ. ನಮ್ಮ ಕಡೆ ಕೆಲಸ ಆಗುವುದು ಹಾಗೆಯೇ ಅಲ್ವಾ?

ಹಂತ 7: ಪರೀಕ್ಷೆಗಳು

ಲೆಕ್ಚರರ್ ಆಗಲು ಅರ್ಹತೆ ಕೊಡುವ ಯುಜಿಸಿ-ನೆಟ್‌ನಲ್ಲಿ ಪರಿಸರ ವಿಜ್ಞಾನ ಒಂದು ವಿಷಯ. ರಾಜ್ಯಮಟ್ಟದ ಕೆ-ಸೆಟ್‌ನಲ್ಲೂ ಇದೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದು ಪಿಎಚ್‌ಡಿ ಸೇರಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, 2023ರಲ್ಲಿ ಏರಿಸಿದ ದರ ಅದು. ಗೇಟ್‌ನಲ್ಲಿ 2021ರಿಂದ ಎನ್ವಿರಾನ್ಮೆಂಟಲ್ ಸೈನ್ಸ್ ಅಂಡ್ ಇಂಜಿನಿಯರಿಂಗ್ ಪತ್ರಿಕೆ ಇದೆ, ಎಂಎಸ್ಸಿಯವರೂ ಬರೆಯಬಹುದು, ಅದರಿಂದ ಎಂಟೆಕ್‌ಗೆ ದಾರಿ ತೆರೆಯುತ್ತದೆ.

ಲೆಕ್ಚರರ್ ಆಗುವ ಆಸೆ ಇದ್ದವರಿಗೆ ಒಂದು ಮಾತು. ಸುಪ್ರೀಂ ಕೋರ್ಟಿನ 1991ರ ಆದೇಶದಿಂದಾಗಿ ಎಲ್ಲ ಪದವಿಗಳಲ್ಲೂ ಪರಿಸರ ಅಧ್ಯಯನ ಬಂತು. ಅಷ್ಟು ಕಾಲೇಜು, ಅಷ್ಟು ಹುದ್ದೆ ಅಂತ ಲೆಕ್ಕ ಹಾಕಬೇಡಿ. ಹಲವು ಕಡೆ ಆ ಪತ್ರಿಕೆಯನ್ನು ಬಾಟನಿ, ಜುವಾಲಜಿ ಮೇಷ್ಟ್ರುಗಳೇ ಮುಗಿಸುತ್ತಾರೆ. ನೆಟ್ ಪಾಸಾಗಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರು ಇದ್ದಾರೆ.

ಹಂತ 8: ಕೆಲಸ ಹುಡುಕುವುದು

ಸರ್ಕಾರಿ ಕಡೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೇಮಕಾತಿ ಯಾವಾಗ ಬರುತ್ತದೆ ಹೇಳಲಾಗದು. ಬಂದಾಗ ಯಾವ ಹುದ್ದೆಗೆ ಬಿಇ, ಯಾವುದಕ್ಕೆ ಎಂಎಸ್ಸಿ ಅಂತ ಸಾಲು ಸಾಲಾಗಿ ಓದಿ. ಹಳೆಯ ನೋಟಿಫಿಕೇಶನ್‌ಗಳನ್ನು ಮೊದಲ ವರ್ಷದಲ್ಲೇ ಇಳಿಸಿಟ್ಟುಕೊಳ್ಳಿ. ಕಾಯುತ್ತಾ ಕೂರುವ ಬದಲು ಪಿಡಿಒ, ಜಲಾನಯನ, ಅಂತರ್ಜಲದ ನೇಮಕಾತಿಗಳ ಮೇಲೂ ಕಣ್ಣಿಡಿ.

ಖಾಸಗಿಯಲ್ಲಿ ಮೂರು ಬಾಗಿಲು. ಮೊದಲನೆಯದು ಕಾರ್ಖಾನೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಹಾವೇರಿ ಕಡೆಯ ಸಕ್ಕರೆ ಕಾರ್ಖಾನೆಗಳು, ತುಂಗಭದ್ರಾ ದಂಡೆಯ ಕುಮಾರಪಟ್ಟಣ. ಇಲ್ಲೆಲ್ಲ ಇಟಿಪಿ ನೋಡಲು, ಮಂಡಳಿಗೆ ಲೆಕ್ಕ ಒಪ್ಪಿಸಲು ಜನ ಬೇಕು. ಪರಿಸರದ ಜೊತೆಗೆ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಇದ್ದರೆ ಬೆಲೆ ಹೆಚ್ಚು. ದೊಡ್ಡ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಇರಲೇಬೇಕು ಅಂತ ಕಾನೂನೇ ಇದೆ.

ಎರಡನೆಯದು ಕನ್ಸಲ್ಟನ್ಸಿ ಮತ್ತು ಲ್ಯಾಬ್. ಪರಿಣಾಮ ವರದಿ ಬರೆಯುವ ಸಂಸ್ಥೆಗೆ ನ್ಯಾಬೆಟ್ (ಇಂಥ ಕನ್ಸಲ್ಟಂಟ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕು. ಅದರಲ್ಲಿ ಗಾಳಿ, ನೀರು, ಜೀವವೈವಿಧ್ಯ, ಭೂಬಳಕೆ ಅಂತ ಒಂದೊಂದು ವಿಷಯಕ್ಕೆ ಒಬ್ಬ ತಜ್ಞರ ಹೆಸರು ದಾಖಲಾಗಿರುತ್ತದೆ. ಮೊದಲ ಎರಡು ಮೂರು ವರ್ಷ ಸಂಬಳ ಕಡಿಮೆ, ಓಡಾಟ ಜಾಸ್ತಿ. ಆದರೆ ನಿಮ್ಮ ಹೆಸರು ಆ ಪಟ್ಟಿಗೆ ಬಂದ ಮೇಲೆ ಮಾತು ಬೇರೆ.

ಮೂರನೆಯದು ದೊಡ್ಡ ಊರಿನ ಇಎಸ್‌ಜಿ ಕೆಲಸ, ಅಂದರೆ ಕಂಪನಿಗಳ ಪರಿಸರ, ಸಾಮಾಜಿಕ ಹೊಣೆ ಮತ್ತು ಆಡಳಿತದ ಲೆಕ್ಕ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳು ತಮ್ಮ ನೀರು, ವಿದ್ಯುತ್, ತ್ಯಾಜ್ಯದ ಲೆಕ್ಕ ಪ್ರತಿವರ್ಷ ಕೊಡಲೇಬೇಕು ಅಂತ ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿ ನಿಯಮ ಮಾಡಿದೆ. ಎಕ್ಸೆಲ್ ಚೆನ್ನಾಗಿ ಬರುವವರಿಗೆ ಬೆಂಗಳೂರು, ಪುಣೆಯಲ್ಲಿ ಈ ಕೆಲಸಕ್ಕೆ ಒಳ್ಳೆಯ ಸಂಬಳ ಸಿಗುತ್ತದೆ. ಕೆರೆ ಮಾತ್ರ ಕಾಣಿಸುವುದಿಲ್ಲ.

ಯಾವುದಾದರೂ ಲ್ಯಾಬ್ ಅಥವಾ ಕನ್ಸಲ್ಟನ್ಸಿ ಸೇರುವ ಮೊದಲು ಕೆಲವು ವಿಷಯ ಕೇಳಿ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಇದ್ದರೆ ಯಾವ ಯಾವ ಪರೀಕ್ಷೆಗಳಿಗೆ? ವರದಿಯಲ್ಲಿ ನಿಮ್ಮ ಹೆಸರು ಬರುತ್ತದಾ? ಫೀಲ್ಡಿಗೆ ಹೋದರೆ ಬಸ್ ಖರ್ಚು, ಊಟದ ಖರ್ಚು ಯಾರದು? ಇನ್ನೊಂದು, ನೀವು ಹೋಗದ ಜಾಗದ ಸ್ಯಾಂಪಲ್ ಶೀಟಿಗೆ ಸಹಿ ಹಾಕು ಅಂದರೆ ಹಾಕಬೇಡಿ. ವಿವಾದ ಕೋರ್ಟಿಗೆ ಹೋದರೆ ಮೊದಲು ಕರೆಯುವುದು ಸಹಿ ಮಾಡಿದವರನ್ನೇ. ಫೀಲ್ಡ್ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ನಿಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳಿ.